ಮನೆವಾರ್ತೆ: ಗಣಕಯಂತ್ರದ ಕಾವೂ ಸಂಸಾರದ ಖರ್ಚೂ

ಕಳೆದ ಚೈತ್ರಮಾಸದಲ್ಲಿ ರಾಯಚೂರು ಸೀಮೆಯ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದರು. ಅವರ ಯಜಮಾನರು ಮದುವೆ ಮುಂಜಿಗಳ ವೀಡಿಯೋ ತೆಗೆದು, ನಡುಮನೆಯಲ್ಲಿ ಇರಿಸಿಕೊಂಡಿರುವ ಗಣಕಯಂತ್ರದಲ್ಲಿ ಅದನ್ನು ಕತ್ತರಿಸಿ ಜೋಡಿಸಿ, ಹಾಡು ಕೂಡಿಸಿ, ಬೀಗರ ಕೈಗೆ ಒಪ್ಪಿಸಿ ಜೀವನ ಸಾಗಿಸತಕ್ಕವರು. ಲಗ್ನಗಳು ಕೂಡಿಬರುವುದು ಬೇಸಗೆಯಲ್ಲಿ. ಕೆಲಸವು ಮೈಮೇಲೆ ಬೀಳುವುದು ಬೇಸಗೆಯಲ್ಲಿ. ಯಂತ್ರವು ಮುನಿಸಿಕೊಳ್ಳುವುದೂ ಬೇಸಗೆಯಲ್ಲಿಯೇ. ಮಾರ್ಗಶಿರದಲ್ಲಿ ಎರಡು ಗಂಟೆಗಳಲ್ಲಿ ಸಿದ್ಧವಾಗುತ್ತಿದ್ದ ಚಿತ್ರಕ್ಕೆ ಈಗ ಮೂರು ಗಂಟೆಗೂ ಮೀರಿ ಹಿಡಿಯುವುದೆಂದೂ, ಒಳಗಿನ ಫ್ಯಾನಿನ ಬೊಬ್ಬೆಗೆ ಪಕ್ಕದ ಕೋಣೆಯಲ್ಲಿ ಮಗಳಿಗೆ ಓದಲಿಕ್ಕಾಗುವುದಿಲ್ಲವೆಂದೂ, ನಡುಮಧ್ಯಾಹ್ನದಲ್ಲಿ ಯಂತ್ರವು ತಾನಾಗಿಯೇ ಆರಿಹೋಗಿ ಮಾಡಿದ ಕೆಲಸವೆಲ್ಲವೂ ಮಣ್ಣುಪಾಲಾಗುವುದೆಂದೂ ಅವರು ಬರೆದಿದ್ದರು. ಊರಿನ ವ್ಯಾಪಾರಿಯೊಬ್ಬರು ನೋಡಿ, ಒಂಬತ್ತು ಸಾವಿರ ರೂಪಾಯಿಯ ನೀರಿನ ಕೂಲರನ್ನು ಹಾಕಿಸದಿದ್ದರೆ ತಿಂಗಳೊಳಗೆ ಪ್ರೊಸೆಸರು ಸುಟ್ಟು ಹೋಗುವುದೆಂದು ಹೆದರಿಸಿದರಂತೆ. ಮನೆಯಲ್ಲಿದ್ದದ್ದು ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿದ ಚೀಟಿಯ ಹಣ ಮಾತ್ರ. ಅದನ್ನು ಮುರಿಯಲೇ ಬೇಡವೇ ಎಂಬುದೇ ಆ ತಾಯಿಯ ಪ್ರಶ್ನೆ.

ನಾವು ಅವರಿಗೆ ಕೂಡಲೇ ಉತ್ತರ ಬರೆದೆವು. ಆದರೆ ಇಂಥ ಪ್ರಶ್ನೆಯನ್ನು ಬೇಸಗೆ ಬಂದೊಡನೆ ಬೇರೆ ವಾಚಕರೂ ಕೇಳುತ್ತಿರುವುದರಿಂದ, ಈ ಸಂಚಿಕೆಯಲ್ಲಿ ಅದೇ ವಿಷಯವನ್ನು ತುಸು ವಿಸ್ತಾರವಾಗಿ ಬರೆಯುವೆವು.

ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳೋಣ. ರಾಯಚೂರು ಕಲಬುರಗಿಗಳ ಕಡೆ ಕೂಲರೆಂದರೆ ಕಿಟಕಿಗೆ ಹಚ್ಚಿ ನೀರು ತುಂಬುವ, ಹುಲ್ಲಿನ ಚಾಪೆಯ ದೊಡ್ಡ ಪೆಟ್ಟಿಗೆ. ನಾವು ಹೇಳುವುದು ಅದನ್ನಲ್ಲ. ಹಾಗೆಯೇ ಮೇಜಿನ ಕೆಳಗಿರುವ ಇಡೀ ಪೆಟ್ಟಿಗೆಯನ್ನೇ ಸಿ.ಪಿ.ಯು. ಎಂದು ಕರೆಯುವ ರೂಢಿ ನಮ್ಮಲ್ಲಿದೆ. ವಾಸ್ತವವಾಗಿ ಆ ಪೆಟ್ಟಿಗೆಯು ಕ್ಯಾಬಿನೆಟ್. ಅದರೊಳಗಿನ ಮದರ್‌ಬೋರ್ಡೆಂಬ ಹಲಗೆಯ ಮೇಲೆ ಕೂತಿರುವ, ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಬಿಲ್ಲೆಯೇ ಸಿ.ಪಿ.ಯು. ಅಥವಾ ಪ್ರೊಸೆಸರ್. ಲೆಕ್ಕವನ್ನೆಲ್ಲ ಮಾಡತಕ್ಕದ್ದು ಅದು. ಅದರ ನೆತ್ತಿಯ ಮೇಲೆ ಕೂಡಿಸುವ ಲೋಹದ ರಚನೆ ಮತ್ತು ಫ್ಯಾನು, ಇವೆರಡೂ ಸೇರಿ ಕೂಲರು.

ಈ ಬಿಲ್ಲೆಯು ಏಕೆ ಕಾಯುವುದು? ಅದು ಸೇವಿಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು, ಬೇರೆ ದಾರಿಯಿಲ್ಲ. ನಮ್ಮ ಸೋದರಿಯ ಮನೆಯ ಯಂತ್ರದಲ್ಲಿರುವುದು ಇಂಟೆಲ್ ಸಂಸ್ಥೆಯ ಕೋರ್ ಐ೫-೧೨೪೦೦ ಎಂಬ ಪ್ರೊಸೆಸರು. ಅದರ ಮೂಲಶಕ್ತಿ ೬೫ ವ್ಯಾಟ್ ಎಂದೂ, ಓಡುವ ಭರದಲ್ಲಿ ಅದು ೧೧೭ ವ್ಯಾಟ್‌ವರೆಗೆ ಏರಬಹುದೆಂದೂ ತಯಾರಕರೇ ತಿಳಿಸಿರುತ್ತಾರೆ. ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ ೬೦ ವ್ಯಾಟಿನ ತಂತಿಯ ದೀಪವನ್ನು ಬರಿಗೈಯಿಂದ ಮುಟ್ಟಿ ಬೆರಳು ಸುಟ್ಟುಕೊಂಡವರು ನಮ್ಮ ವಾಚಕರಲ್ಲಿ ಹಲವರಿರಬಹುದು. ಅಷ್ಟು, ಕೆಲವೊಮ್ಮೆ ಅದರ ಇಮ್ಮಡಿ ಕಾವು, ಅಂಚೆಚೀಟಿಗಿಂತ ಚಿಕ್ಕದಾದ ಒಂದು ಚೂರಿನಿಂದ ಏಳುವುದೆಂದರೆ ಅದರ ತೀಕ್ಷ್ಣತೆಯನ್ನು ಊಹಿಸಬಹುದು. ಮೊದಲು ಹೀಗಿರಲಿಲ್ಲ. ೧೯೯೩ರಲ್ಲಿ ಬಂದ ಪೆಂಟಿಯಂ ೧೫ ವ್ಯಾಟಿನ ಆಸುಪಾಸಿನದಾಗಿತ್ತು. ೨೦೦೪ರ ಪೆಂಟಿಯಂ ೪ರ ಕೆಲವು ಬಗೆಗಳು ೧೧೫ ವ್ಯಾಟ್ ಮುಟ್ಟಿದವು. ಇಂದು ಕೋರ್ ಐ೯-೧೪೯೦೦ಕೆ ಎಂಬುದು ೨೫೩ ವ್ಯಾಟ್ ಕಬಳಿಸಬಲ್ಲದು. ಅದನ್ನು ಕೊಳ್ಳುವವರ ಗೋಳು ಬೇರೆ. ಸಂಸಾರವಂದಿಗರ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ೬೫ ವ್ಯಾಟಿನ ಜಾತಿಯದೇ.

ಸುಟ್ಟುಹೋಗುವುದೆಂಬ ಬೆದರಿಕೆಯ ವಿಷಯ. ಈಗಿನ ಪ್ರೊಸೆಸರುಗಳು ತಮ್ಮ ತಾಪವನ್ನು ತಾವೇ ಅಳೆದುಕೊಳ್ಳುತ್ತವೆ. ಮೇಲೆ ಹೇಳಿದ ಐ೫ಕ್ಕೆ ಮೇರೆ ೧೦೦ ಡಿಗ್ರಿ ಸೆಲ್ಸಿಯಸ್, ಎ.ಎಂ.ಡಿ.ಯವರ ರೈಜ಼ನ್ ೫ ೫೬೦೦ಕ್ಕೆ ೯೦. ಆ ಮೇರೆಯನ್ನು ಮುಟ್ಟಿದೊಡನೆ ಪ್ರೊಸೆಸರು, ಏರಿಯಲ್ಲಿ ಎತ್ತು ಹೆಜ್ಜೆ ತಗ್ಗಿಸುವಂತೆ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಎರಡು ಗಂಟೆಯ ಕೆಲಸವು ಮೂರಕ್ಕೆ ಹೋಗಲು ಇದೇ ಕಾರಣ. ತಗ್ಗಿಸಿಯೂ ಕಾವು ಇಳಿಯದಿದ್ದರೆ ಯಂತ್ರವು ತನ್ನನ್ನು ಆರಿಸಿಕೊಂಡು ಪ್ರಾಣ ಉಳಿಸಿಕೊಳ್ಳುವುದು. ಆದಕಾರಣ ತಿಂಗಳೊಳಗೆ ಸುಟ್ಟು ಬೂದಿಯಾಗುವುದೆಂಬ ಮಾತು ಸರಿಯಲ್ಲ. ಆದರೆ ನಷ್ಟವಿಲ್ಲವೆಂದೂ ಅಲ್ಲ. ದಿನಗೂಲಿಯವನಿಗೆ ಒಂದು ಗಂಟೆಯೂ ಹಣವೇ.

ಇನ್ನು ಕೂಲರಿನ ಕೆಲಸ. ಶಾಖವನ್ನು ಅದು ಕೊಲ್ಲುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಅಷ್ಟೆ. ಚಿಕ್ಕ ಬಿಲ್ಲೆಯಿಂದ ಎತ್ತಿ, ಅಗಲವಾದ ತಗಡುಗಳ ಮೇಲೆ ಹರಡಿ, ಗಾಳಿಗೆ ಒಪ್ಪಿಸಬೇಕು. ಪ್ರೊಸೆಸರಿನ ಪೆಟ್ಟಿಗೆಯಲ್ಲಿಯೇ ಉಚಿತವಾಗಿ ಬರುವ ಕೂಲರು ಅಂಗೈಯಗಲದ ಅಲ್ಯೂಮಿನಿಯಂ ಗಟ್ಟಿ, ಮೇಲೊಂದು ಕಿರಿಯ ಫ್ಯಾನು. ಅದರ ಎತ್ತರ ಐದು ಆರು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಅಂಗಡಿಯಲ್ಲಿ ಬೇರೆಯಾಗಿ ದೊರೆಯುವ ಗೋಪುರದಾಕಾರದ ಕೂಲರಿಗೂ ಇದಕ್ಕೂ ಇರುವ ಮುಖ್ಯವಾದ ಭೇದವು ಅದರೊಳಗಿನ ಶಾಖನಳಿಕೆಗಳು. ಅಂಗಡಿಯವರು ಹೀಟ್ ಪೈಪ್ ಎನ್ನುವುದು ಇದನ್ನೇ. ಹೊರಗಿನಿಂದ ನೋಡಿದರೆ ಕಿರುಬೆರಳಿನಷ್ಟೂ ದಪ್ಪವಿಲ್ಲದ ತಾಮ್ರದ ಕಡ್ಡಿ. ಆದರೆ ಅದು ಗಟ್ಟಿಯಲ್ಲ, ಟೊಳ್ಳು. ಒಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರನ್ನು ಬಿಟ್ಟು, ಎರಡೂ ತುದಿಗಳನ್ನು ಮುಚ್ಚಿರುತ್ತಾರೆ. ಗಾಳಿಯ ಒತ್ತಡವಿಲ್ಲದ ಕಡೆ ನೀರು ನೂರು ಡಿಗ್ರಿಗಾಗಿ ಕಾಯದೆ ಬಹು ಕಡಮೆ ಕಾವಿನಲ್ಲಿಯೇ ಆವಿಯಾಗುವುದು. ಕೆಳತುದಿಯಲ್ಲಿ ಪ್ರೊಸೆಸರಿನ ಕಾವಿಗೆ ಎದ್ದ ಆವಿಯು ಮೇಲ್ತುದಿಗೆ ಓಡಿ, ಅಲ್ಲಿ ತಂಪಾದ ತಗಡುಗಳಿಗೆ ತನ್ನ ಶಾಖವನ್ನು ಬಿಟ್ಟುಕೊಟ್ಟು, ಇಡ್ಲಿ ಪಾತ್ರೆಯ ಮುಚ್ಚಳದಡಿಯಲ್ಲಿ ಕಾಣುವ ಹನಿಗಳಂತೆ ಮರಳಿ ನೀರಾಗುವುದು. ನಳಿಕೆಯ ಒಳಮೈಯಲ್ಲಿ ಸೂಕ್ಷ್ಮ ರಂಧ್ರಗಳ ಪದರವೊಂದಿರುವುದರಿಂದ, ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವ ರೀತಿಯಲ್ಲಿ, ಆ ನೀರು ಮತ್ತೆ ಬಿಸಿತುದಿಗೆ ಹರಿದು ಬರುವುದು. ವಿದ್ಯುತ್ತು ಬೇಡ, ಶಬ್ದವಿಲ್ಲ, ಸವೆಯುವ ಭಾಗವೇ ಇಲ್ಲ. ಈ ಉಪಾಯಕ್ಕೆ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಗಾಗ್ಲರ್ ಎಂಬವರು ೧೯೪೪ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಮೂಲೆಗೆ ಬಿದ್ದಿತ್ತು. ೧೯೬೩ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಅದನ್ನು ಸಾಧಿಸಿ ತೋರಿಸಿದ ತರುವಾಯ ಆಕಾಶಯಾನದ ಉಪಕರಣಗಳಲ್ಲಿ ಬಳಕೆಗೆ ಬಂದಿತು. ಅಂಥದೊಂದು ವಸ್ತು ಇಂದು ಎರಡು ಸಾವಿರ ರೂಪಾಯಿಯ ಸಾಮಾನಿನಲ್ಲಿ ನಾಲ್ಕು ನಾಲ್ಕು ಸಿಕ್ಕುವುದನ್ನು ನೆನೆದರೆ ನಮಗೆ ಆಶ್ಚರ್ಯವಾಗುವುದು.

ಕೊಳ್ಳತಕ್ಕವರು ಮನಸ್ಸಿನಲ್ಲಿ ನೆಡಬೇಕಾದ ಒಂದು ಲೆಕ್ಕವುಂಟು. ಯಾವ ಕೂಲರೂ, ಗಾಳಿಯದಾಗಲಿ ನೀರಿನದಾಗಲಿ, ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಗಾಳಿಯ ತಾಪಕ್ಕಿಂತ ಎಷ್ಟು ಡಿಗ್ರಿ ಮೇಲೆ ಅದನ್ನು ಹಿಡಿದಿಡಬಲ್ಲದು ಎಂಬುದೇ ಅದರ ಯೋಗ್ಯತೆ. ಉದಾಹರಣೆಗೆ, ಪೂರ್ಣ ಕೆಲಸದಲ್ಲಿರುವಾಗ ಉಚಿತ ಕೂಲರು ಗಾಳಿಗಿಂತ ೫೫ ಡಿಗ್ರಿ ಮೇಲೆ ಹಿಡಿದಿಡುವುದೆಂದು ಇಟ್ಟುಕೊಳ್ಳೋಣ. ಪುಷ್ಯಮಾಸದ ಬೆಂಗಳೂರಿನಲ್ಲಿ, ೨೪ ಡಿಗ್ರಿಯ ಕೋಣೆಯಲ್ಲಿ, ಪ್ರೊಸೆಸರು ೭೯ರಲ್ಲಿ ಸುಖವಾಗಿರುವುದು. ಅದೇ ಯಂತ್ರವು ವೈಶಾಖದ ರಾಯಚೂರಿನ ೪೦ ಡಿಗ್ರಿಯ ಕೋಣೆಯಲ್ಲಿ ೯೫ಕ್ಕೆ ಹೋಗುವುದು; ಕ್ಯಾಬಿನೆಟ್ಟಿನ ಒಳಗಿನ ಗಾಳಿಯು ಇನ್ನೂ ಐದು ಡಿಗ್ರಿ ಬಿಸಿಯಾಗಿದ್ದರೆ ನೂರು ತುಂಬಿತು, ಎತ್ತು ಹೆಜ್ಜೆ ತಗ್ಗಿಸಿತು. ಗೋಪುರದ ಕೂಲರು ಆ ೫೫ನ್ನು ೩೫ಕ್ಕೆ ಇಳಿಸಿದರೆ ಅದೇ ಬೇಗೆಯಲ್ಲಿಯೂ ೮೦ ದಾಟುವುದಿಲ್ಲ. ಶೀತದೇಶಗಳಲ್ಲಿ ಪರೀಕ್ಷಿಸಿ ಸಾಕು ಎಂದವರ ಮಾತು ನಮ್ಮ ಬಯಲುಸೀಮೆಗೆ ಸಾಲದೆ ಹೋಗುವುದು ಇದರಿಂದಲೇ. ಬೆಂಗಳೂರಿನವರೂ ನಿಶ್ಚಿಂತರಾಗಿ ಇರುವಂತಿಲ್ಲ; ೨೦೧೬ರ ಏಪ್ರಿಲಿನಲ್ಲಿ ಅಲ್ಲಿಯೂ ತಾಪವು ೩೯.೨ ಡಿಗ್ರಿಗೆ ಏರಿತ್ತು.

ಇಷ್ಟು ತಿಳಿದ ಮೇಲೆ ಅಂಗಡಿಗೆ ಓಡೋಣವೇ? ಬೇಡ. ನಾವು ಸೋದರಿಗೆ ಬರೆದ ಮೊದಲನೆಯ ಉತ್ತರದಲ್ಲಿ ಒಂದು ಕಾಸಿನ ಖರ್ಚನ್ನೂ ಹೇಳಲಿಲ್ಲ. ಯಂತ್ರವನ್ನು ಆರಿಸಿ, ಗೋಡೆಯಿಂದ ತಂತಿಯನ್ನು ಕಿತ್ತು, ಪಕ್ಕದ ತಗಡನ್ನು ತೆಗೆದು, ಒಣಗಿದ ಬಣ್ಣದ ಕುಂಚದಿಂದ ಕೂಲರಿನ ಸಂದುಗಳಲ್ಲಿ ಕಟ್ಟಿರುವ ಧೂಳನ್ನು ಬಿಡಿಸಬೇಕೆಂದು ಬರೆದೆವು. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಇದನ್ನು ಮಾಡತಕ್ಕದ್ದು. ಒದ್ದೆ ಬಟ್ಟೆಯನ್ನು ಸರ್ವಥಾ ತಾಕಿಸಕೂಡದು. ನಡುಮನೆಯಲ್ಲಿ ಒಗ್ಗರಣೆಯ ಹೊಗೆಯೂ ಸಾಂಬ್ರಾಣಿಯ ಹೊಗೆಯೂ ಸೇರಿ ಧೂಳು ಜಿಡ್ಡುಗಟ್ಟುವುದರಿಂದ ಬರಿಯ ಊದಿದರೆ ಹೋಗುವುದಿಲ್ಲ. ಎರಡನೆಯದಾಗಿ, ಇಂಟೆಲ್‌ನ ಉಚಿತ ಕೂಲರನ್ನು ಮದರ್‌ಬೋರ್ಡಿಗೆ ಹಿಡಿಸಿರುವುದು ನಾಲ್ಕು ಪ್ಲಾಸ್ಟಿಕ್ ಗೂಟಗಳಿಂದ. ಒಂದು ಸಡಿಲವಾದರೂ ಕೂಲರು ಓರೆಯಾಗಿ ಪ್ರೊಸೆಸರಿನಿಂದ ಕೂದಲೆಳೆಯಷ್ಟು ಮೇಲೇಳುವುದು, ಅಷ್ಟೇ ಸಾಕು ಅನರ್ಥಕ್ಕೆ. ಅವುಗಳನ್ನು ಒಂದೊಂದಾಗಿ ಒತ್ತಿ ನೋಡಿರೆಂದು ಹೇಳಿದೆವು. ಮೂರನೆಯದಾಗಿ, ಕ್ಯಾಬಿನೆಟ್ಟನ್ನು ಮೇಜಿನ ಮರದ ಗೂಡಿನೊಳಗೆ ತುರುಕಿದ್ದರೆ ಹೊರಗೆ ತೆಗೆದಿಡಬೇಕು. ತಾಪವನ್ನು ತೋರಿಸುವ ಎಚ್‌ಡಬ್ಲ್ಯು‌ಇನ್ಫೋ, ಕೋರ್ ಟೆಂಪ್ ಮೊದಲಾದ ತಂತ್ರಾಂಶಗಳು ಮನೆಬಳಕೆಗೆ ಕಾಸಿಲ್ಲದೆ ದೊರೆಯುವುವು. ಅವುಗಳಲ್ಲಿ ಒಂದನ್ನು ಹಾಕಿಕೊಂಡು ಕೆಲಸ ನಡೆಯುವಾಗಿನ ಅಂಕಿಯನ್ನು ಬರೆದು ಕಳುಹಿಸಿರೆಂದೂ ಕೋರಿದೆವು. ಏಕೆಂದರೆ ಯಂತ್ರವು ತಟ್ಟನೆ ಆರುವುದಕ್ಕೆ ವಿದ್ಯುತ್ತಿನ ಏರಿಳಿತವೋ ಪವರ್ ಸಪ್ಲೈಯ ದೋಷವೋ ಕಾರಣವಾಗಿರುವುದೂ ಉಂಟು. ಅಂಕಿಯು ೭೦ರಲ್ಲಿದ್ದು ಯಂತ್ರವು ಆರಿದರೆ ಕೂಲರನ್ನು ದೂರಿ ಫಲವಿಲ್ಲ.

ಹತ್ತು ದಿನಗಳ ಮೇಲೆ ಉತ್ತರ ಬಂದಿತು. ಒಂದು ಗೂಟವು ನಿಜವಾಗಿಯೂ ಮೇಲೆದ್ದಿತ್ತಂತೆ. ಕಳೆದ ದೀಪಾವಳಿಯಲ್ಲಿ ಸುಣ್ಣ ಬಳಿಸುವಾಗ ಯಂತ್ರವನ್ನು ಎತ್ತಿ ಇಟ್ಟದ್ದರ ಫಲವಿರಬೇಕೆಂದು ಅವರ ಊಹೆ. ಅದನ್ನು ಒತ್ತಿ ಕೂಡಿಸಿ ಧೂಳು ತೆಗೆದ ಮೇಲೆ ಯಂತ್ರವು ತಾನಾಗಿ ಆರುವುದು ನಿಂತಿತು. ಆದರೆ ಮಧ್ಯಾಹ್ನದ ಅಂಕಿಯು ೯೮, ೧೦೦ ಎಂದೇ ತೋರುತ್ತಿತ್ತು; ಬೊಬ್ಬೆಯೂ ನಿಧಾನವೂ ಹೋಗಿರಲಿಲ್ಲ. ಆಗ ನಮಗೂ ಇಲ್ಲಿ ಸ್ವಲ್ಪ ಹಣ ಬಿಚ್ಚುವುದು ನ್ಯಾಯವೆಂದು ತೋರಿತು. ಇದರ ನಡುವೆ ಇನ್ನೊಂದು ಉಪಾಯವಿದೆ: ಮದರ್‌ಬೋರ್ಡಿನ ಬಯೋಸ್ ಎಂಬ ಮೂಲವ್ಯವಸ್ಥೆಯೊಳಗೆ ಹೋಗಿ ಪ್ರೊಸೆಸರಿನ ಶಕ್ತಿಯನ್ನು ೬೫ ವ್ಯಾಟಿಗೆ ಕಟ್ಟಿಹಾಕುವುದು. ಅನೇಕ ಬೋರ್ಡುಗಳಲ್ಲಿ ಇದಕ್ಕೆ ಅವಕಾಶವಿದೆ. ವೇಗವು ತುಸು ಇಳಿಯುವುದು, ಕಾವು ಬಹಳ ಇಳಿಯುವುದು. ಪತ್ರ ಬರೆಯುವುದಕ್ಕೂ ಮಕ್ಕಳ ಪಾಠಕ್ಕೂ ಯಂತ್ರವನ್ನಿಟ್ಟವರಿಗೆ ಇದೇ ಧಾರಾಳ. ವೇಗವನ್ನೇ ಮಾರಿ ಉಣ್ಣುವವರಿಗೆ ಸಾಲದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಾಲ್ಕು ಶಾಖನಳಿಕೆಗಳು ಮತ್ತು ೧೨೦ ಮಿಲಿಮೀಟರಿನ ಒಂದು ಫ್ಯಾನು ಇರುವ ಒಂಟಿ ಗೋಪುರದ ಕೂಲರೇ ಗೃಹಸ್ಥರಿಗೆ ತಕ್ಕದ್ದೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಕೂಲರ್ ಮಾಸ್ಟರಿನ ಹೈಪರ್ ೨೧೨, ಡೀಪ್‌ಕೂಲಿನ ಎ.ಕೆ. ೪೦೦, ಥರ್ಮಲ್‌ರೈಟಿನ ಅಸಾಸಿನ್ ಮಾಲಿಕೆಯ ಚಿಕ್ಕವುಗಳು, ಇವೆಲ್ಲವೂ ಈ ಜಾತಿಯವೇ. ಸಾಮಾನ್ಯವಾಗಿ ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿಗಳ ಒಳಗೆ ದೊರೆಯುವುವು. ಇವುಗಳಲ್ಲಿ ಒಂದಕ್ಕೂ ಮತ್ತೊಂದಕ್ಕೂ ಇರುವ ಎರಡು ಮೂರು ಡಿಗ್ರಿಯ ಭೇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಾದದ್ದಿಲ್ಲ. ಆ ದಿನ ಯಾವುದು ಅಗ್ಗವೋ ಅದೇ ಉತ್ತಮ. ಬಣ್ಣಬಣ್ಣದ ದೀಪಗಳಿರುವ ಫ್ಯಾನಿಗೆ ಹೆಚ್ಚು ಬೆಲೆ ಕೇಳುವರು. ಆ ದೀಪಗಳಿಂದ ಒಂದು ಡಿಗ್ರಿಯೂ ಇಳಿಯದು. ಮಕ್ಕಳು ಹಟ ಹಿಡಿದಾರು, ಗಟ್ಟಿಯಾಗಿರಬೇಕು.

ಬೆಲೆಗಿಂತ ಮುಖ್ಯವಾದದ್ದು ಅಳತೆ. ಎ.ಕೆ. ೪೦೦ರ ಎತ್ತರ ೧೫೫ ಮಿಲಿಮೀಟರು. ಇತರವುಗಳೂ ಅದರ ಆಸುಪಾಸಿನವು. ಅಗ್ಗದ ಇಕ್ಕಟ್ಟಾದ ಕ್ಯಾಬಿನೆಟ್ಟುಗಳಲ್ಲಿ ಅಷ್ಟು ಸ್ಥಳವಿರುವುದಿಲ್ಲ. ಆದುದರಿಂದ ಮೊದಲೇ ಪಕ್ಕದ ತಗಡನ್ನು ತೆಗೆದು, ಮದರ್‌ಬೋರ್ಡಿನಿಂದ ಕ್ಯಾಬಿನೆಟ್ಟಿನ ಅಂಚಿನವರೆಗೆ ಮಕ್ಕಳ ಅಳತೆಪಟ್ಟಿಯಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕು. ಕೂಲರಿನ ಎತ್ತರಕ್ಕಿಂತ ಒಂದು ಸೆಂಟಿಮೀಟರಾದರೂ ಹೆಚ್ಚು ಉಳಿಯಲಿ; ಪ್ರೊಸೆಸರು ಬೋರ್ಡಿನಿಂದ ಸ್ವಲ್ಪ ಮೇಲೆ ಕೂಡುವುದೆಂಬುದನ್ನು ಮರೆಯಬಾರದು. ಬೆಂಗಳೂರಿನ ಎಸ್. ಪಿ. ರಸ್ತೆಯವರೆಗೆ ಬಸ್ಸು ಹಿಡಿದು ಹೋಗಿ ತಂದ ಗೋಪುರಕ್ಕೆ ಪಕ್ಕದ ತಗಡು ಮುಚ್ಚದೆ, ಯಂತ್ರವನ್ನು ಬಾಯಿ ತೆರೆದೇ ಇಟ್ಟುಕೊಂಡ ಪರಿಚಿತರು ನಮಗುಂಟು. ಅವರ ಮನೆಯ ಹಲ್ಲಿಗೆ ಅದರೊಳಗೆ ಒಳ್ಳೆಯ ಬಿಡಾರವಾಯಿತು.

ಎರಡನೆಯದು ಹೊಂದಿಕೆ. ಪ್ರೊಸೆಸರು ಕೂಡುವ ಪೀಠಕ್ಕೆ ಸಾಕೆಟ್ ಎನ್ನುವರು. ಇಂಟೆಲ್‌ನವರು ೨೦೨೧ರಲ್ಲಿ ತಂದ ಎಲ್.ಜಿ.ಎ. ೧೭೦೦ ಎಂಬ ಪೀಠದ ಸುತ್ತಲಿನ ರಂಧ್ರಗಳ ಅಂತರವನ್ನು ೭೫ರಿಂದ ೭೮ ಮಿಲಿಮೀಟರಿಗೆ ಹೆಚ್ಚಿಸಿದರು. ಈ ಮೂರು ಮಿಲಿಮೀಟರಿನಿಂದಾಗಿ ಹಿಂದಿನ ಕೂಲರುಗಳು ಹೊಸ ಹಿಡಿಕೆಯಿಲ್ಲದೆ ಕೂಡುವುದಿಲ್ಲ. ೨೦೨೪ರ ೧೮೫೧ಕ್ಕೆ ೧೭೦೦ರದೇ ಅಂತರವಿದೆ. ಎ.ಎಂ.ಡಿ.ಯವರ ಎ.ಎಂ. ೪ ಪೀಠಕ್ಕೆ ಹೊಂದುವ ಬಹುಪಾಲು ಕೂಲರುಗಳು ೨೦೨೨ರ ಎ.ಎಂ. ೫ಕ್ಕೂ ಹೊಂದುವುವು. ಕೊಳ್ಳುವ ಪೆಟ್ಟಿಗೆಯ ಮೇಲೆ ತಮ್ಮ ಪೀಠದ ಹೆಸರಿದೆಯೇ ಎಂದು ಓದಿಕೊಂಡರೆ ಸಾಕು. ಇಲ್ಲಿ ಮಿತವ್ಯಯದ ಒಂದು ಸಂಗತಿ: ತಗಡೂ ನಳಿಕೆಯೂ ಸವೆಯುವ ವಸ್ತುಗಳಲ್ಲ, ಸವೆಯುವುದು ಫ್ಯಾನೊಂದೇ. ಯಾರಾದರೂ ಬಂಧುಗಳು ಬಳಸಿ ಬಿಟ್ಟ ಒಳ್ಳೆಯ ಗೋಪುರವಿದ್ದು, ತಕ್ಕ ಹಿಡಿಕೆಯೂ ದೊರೆತರೆ, ಹೊಸ ಫ್ಯಾನೊಂದನ್ನು ಕಟ್ಟಿ ಬಳಸಲು ಸಂಕೋಚಪಡಬೇಕಾಗಿಲ್ಲ. ಫ್ಯಾನು ಮಾತ್ರ ನಾಲ್ಕು ಸೂಜಿಗಳ ಕೊಂಡಿಯದಾಗಿರಲಿ. ಅದಾದರೆ ಕಾವಿಗೆ ತಕ್ಕಂತೆ ವೇಗವನ್ನು ಏರಿಸಿ ಇಳಿಸಿಕೊಂಡು, ಮಿಕ್ಕ ಹೊತ್ತಿನಲ್ಲಿ ಸದ್ದಿಲ್ಲದೆ ತಿರುಗುವುದು.

ನೀರಿನ ಕೂಲರಿನ ಬಗ್ಗೆ ನಮಗೆ ದ್ವೇಷವಿಲ್ಲ. ಅದರಲ್ಲಿ ಒಂದು ಪಂಪು ದ್ರವವನ್ನು ರಬ್ಬರಿನ ಕೊಳವೆಗಳಲ್ಲಿ ಸುತ್ತಿಸುವುದು. ಕ್ಯಾಬಿನೆಟ್ಟಿನ ಅಂಚಿನಲ್ಲಿರುವ ರೇಡಿಯೇಟರಿನಲ್ಲಿ ಆ ದ್ರವವು ತಣಿಯುವುದು. ತಣಿಯುವುದು ಅದೇ ಕೋಣೆಯ ಗಾಳಿಯಿಂದಲೇ ಎಂಬುದನ್ನು ಗಮನಿಸಬೇಕು. ೨೫೩ ವ್ಯಾಟಿನ ದೈತ್ಯನಿಗೆ ಅದು ಬೇಕಾದೀತು. ನೂರು ವ್ಯಾಟಿನ ಸುತ್ತಮುತ್ತ ಇರುವ ಪ್ರೊಸೆಸರಿಗೆ ಮೂರು ಪಟ್ಟು ಹಣ ಕೊಟ್ಟು ಪಡೆಯುವ ಲಾಭ ಅತ್ಯಲ್ಪ. ಇದಲ್ಲದೆ ಗೋಪುರದ ಫ್ಯಾನು ಕೆಟ್ಟರೆ ಅದೇ ಸಂಜೆ ಕೆಲವು ನೂರು ರೂಪಾಯಿಯ ಬೇರೆ ಫ್ಯಾನನ್ನು ಕಟ್ಟಿಕೊಳ್ಳಬಹುದು. ಪಂಪು ಕೆಟ್ಟರೆ ಇಡೀ ಸಾಮಾನನ್ನೇ ಬದಲಿಸಬೇಕು. ಲಗ್ನದ ಗಡುವು ತಲೆಯ ಮೇಲಿರುವವರು ಇದನ್ನು ಎಣಿಸಿ ನೋಡಲಿ.

ಕೂಡಿಸುವ ಕ್ರಮದಲ್ಲಿ ಪೇಸ್ಟಿನ ಮಾತೊಂದನ್ನು ಬಿಡಿಸಿ ಹೇಳಬೇಕು. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳ ಮೈ ಒಂದಕ್ಕೊಂದು ಪೂರ್ಣವಾಗಿ ಕೂಡುವುದಿಲ್ಲ. ನಡುವಿನ ಸಂದುಗಳಲ್ಲಿ ಗಾಳಿ ನಿಲ್ಲುವುದು. ತಾಮ್ರವು ಶಾಖವನ್ನು ಒಯ್ಯುವ ಶಕ್ತಿಯು ಗಾಳಿಗಿಂತ ಹದಿನೈದು ಸಾವಿರ ಪಾಲು ಹೆಚ್ಚು. ಆ ಗಾಳಿಯನ್ನು ಹೊರದೂಡಲೆಂದೇ ಪೇಸ್ಟು ಹಚ್ಚುವುದು. ಪೇಸ್ಟೂ ತಾಮ್ರದ ಮುಂದೆ ಹೀನವಾದ ವಾಹಕವೇ ಆದ್ದರಿಂದ ಅದು ತೆಳ್ಳಗಿದ್ದಷ್ಟೂ ಒಳ್ಳೆಯದು. ಹಳೆಯದನ್ನು ಔಷಧದಂಗಡಿಯ ಸ್ಪಿರಿಟ್ಟಿನಿಂದ ಒರಸಿ, ನಡುವೆ ಬಟಾಣಿಕಾಳಿನಷ್ಟು ಇಟ್ಟು, ಕೂಲರನ್ನು ನೇರವಾಗಿ ಕೂರಿಸಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯತಕ್ಕದ್ದು. ನಾವು ಮೊದಲ ಸಲ ಈ ಕೆಲಸಕ್ಕೆ ಕೈಯಿಟ್ಟಾಗ ಎಲ್ಲವನ್ನೂ ಕ್ರಮವಾಗಿ ಮಾಡಿಯೂ ಯಂತ್ರವು ಎರಡು ನಿಮಿಷಗಳಲ್ಲಿ ನೂರು ಡಿಗ್ರಿ ಮುಟ್ಟಿತು. ಮಾರಿದವನನ್ನು ಮನಸ್ಸಿನಲ್ಲಿಯೇ ಬೈದು, ಹಿಂದಿರುಗಿಸಲು ಕೂಲರನ್ನು ಕಳಚಿದಾಗ ಅದರ ತಳಕ್ಕೆ ಅಂಟಿಸಿದ್ದ ಕಾಣದಂಥ ಪ್ಲಾಸ್ಟಿಕ್ ಹಾಳೆಯನ್ನು ಸೋದರಳಿಯನು ಉಗುರಿನಿಂದ ಎತ್ತಿ ತೋರಿಸಿದನು. ಅದರ ಮೇಲೆ ಕೀಳಿರಿ ಎಂದು ಬರೆದೂ ಇತ್ತು. ಆ ಹಾಳೆಯನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನೆಂದು ನಮ್ಮ ಅನುಮಾನ.

ಗೋಪುರವು ಭಾರವಾದ ವಸ್ತು. ಅರ್ಧ ಕಿಲೋಗ್ರಾಮಿಗೆ ಮೀರಿರುವುದು ಸಾಮಾನ್ಯ. ಮನೆ ಬದಲಿಸುವಾಗ ಯಂತ್ರವನ್ನು ನಿಲ್ಲಿಸಿ ಸಾಗಿಸದೆ, ಮದರ್‌ಬೋರ್ಡು ಕೆಳಗಾಗಿ ಗೋಪುರವು ಮೇಲ್ಮುಖವಾಗಿ ನಿಲ್ಲುವಂತೆ ಮಲಗಿಸಿ ಒಯ್ಯಬೇಕು. ಫ್ಯಾನಿನ ಗಾಳಿಯು ಕ್ಯಾಬಿನೆಟ್ಟಿನ ಹಿಂಬದಿಗೆ ಬೀಸುವಂತೆ ಕಟ್ಟುವುದು ಸರಿಯಾದ ದಿಕ್ಕು. ಕೋಣೆಗೆ ಹುಲ್ಲುಚಾಪೆಯ ಕೂಲರಿದ್ದವರು ಅದರ ತೇವದ ಗಾಳಿಯು ನೇರವಾಗಿ ಯಂತ್ರಕ್ಕೆ ಬಡಿಯದಂತೆ ನೋಡಿಕೊಳ್ಳಲಿ. ಕೋಣೆಯು ತಂಪಾದಷ್ಟೂ ಯಂತ್ರಕ್ಕೆ ಲಾಭವೇ.

ಜ್ಯೇಷ್ಠದಲ್ಲಿ ಸೋದರಿಯ ಮೂರನೆಯ ಪತ್ರ ಬಂದಿದೆ. ನಾಲ್ಕು ನಳಿಕೆಗಳ ಗೋಪುರವೊಂದನ್ನು ಎರಡು ಸಾವಿರದೊಳಗೆ ತರಿಸಿ, ಯಜಮಾನರೇ ಕೂಡಿಸಿದರಂತೆ. ಸುಡುಮಧ್ಯಾಹ್ನದಲ್ಲಿಯೂ ಅಂಕಿಯು ೮೦ರ ಹತ್ತಿರದಲ್ಲಿಯೇ ನಿಲ್ಲುತ್ತಿರುವುದಾಗಿಯೂ, ಚಿತ್ರಗಳು ಮತ್ತೆ ಎರಡು ಗಂಟೆಯ ಸುಮಾರಿಗೆ ಸಿದ್ಧವಾಗುತ್ತಿರುವುದಾಗಿಯೂ, ಕಾಲೇಜಿನ ಮೊದಲ ಕಂತನ್ನು ಕಟ್ಟಿಯಾಗಿರುವುದಾಗಿಯೂ ಬರೆದು, ಹಳೆಯ ಉಚಿತ ಕೂಲರನ್ನು ಗುಜರಿಗೆ ಹಾಕಬಹುದೇ ಎಂದು ಕೇಳಿದ್ದಾರೆ. ಹಾಕಬಾರದು. ಅದನ್ನು ಒರಸಿ, ನಾಲ್ಕು ಗೂಟಗಳೊಡನೆ ಅದರ ಪೆಟ್ಟಿಗೆಯಲ್ಲಿಯೇ ಇಟ್ಟು, ಜೊತೆಗೆ ಪೇಸ್ಟಿನ ಚಿಕ್ಕ ಕೊಳವೆಯೊಂದನ್ನು ಸೇರಿಸಿ ಅಟ್ಟದ ಮೇಲೆ ಹಾಕಿರಲಿ. ಲಗ್ನದ ದಿನಗಳ ನಡುವೆ ಹೊಸದರ ಫ್ಯಾನು ಕೈಕೊಟ್ಟರೆ, ಬೇರೆಯದು ಬರುವವರೆಗೆ ನಾಲ್ಕು ದಿನದ ಕೆಲಸವನ್ನು ಅದು ನಡೆಸಿಕೊಡುವುದು.